ಗಂಟಿನಲ್ಲಿ ಮೂಡಿದ ಮೂರ್ತಿ: ಮೃಣಾಲಿನಿ ಮುಖರ್ಜಿಯವರ ನಾರುಶಿಲ್ಪ

ಮೃಣಾಲಿನಿ ಮುಖರ್ಜಿ (1949–2015) ಇಪ್ಪತ್ತನೆಯ ಶತಮಾನದ ಭಾರತೀಯ ಶಿಲ್ಪಿಗಳ ಸಾಲಿನಲ್ಲಿ ಬೇರೆಯಾಗಿ ಕಾಣುವುದು ಮೊದಲಿಗೆ ಅವರು ಕೈಗೆತ್ತಿಕೊಂಡ ವಸ್ತುವಿನಿಂದ. ಮೂಟೆ ಬಿಗಿಯುವುದಕ್ಕೂ ಮಂಚ ಹೆಣೆಯುವುದಕ್ಕೂ ಪೇಟೆಯಲ್ಲಿ ಸಿಗುವಂಥ ಒರಟು ಸೆಣಬಿನ ಹಗ್ಗವನ್ನು ತಂದು, ಬಿಡಿಸಿ, ಬಣ್ಣ ಹಾಕಿ, ಗಂಟಿನ ಮೇಲೆ ಗಂಟು ಹಾಕುತ್ತ ಅವರು ಆಳೆತ್ತರದ ಮೂರ್ತಿಗಳನ್ನು ಎಬ್ಬಿಸಿದರು. ಮಗ್ಗ ಇಲ್ಲ, ಸೂಜಿ ಇಲ್ಲ; ಉಳಿ ಸುತ್ತಿಗೆಯ ಮಾತೇ ಇಲ್ಲ. 1970ರ ದಶಕದ ಆರಂಭದಿಂದ ಸುಮಾರು ಮೂವತ್ತು ವರ್ಷ ಈ ಒಂದೇ ವಸ್ತು, ಈ ಒಂದೇ ಕ್ರಿಯೆ ಅವರ ಕಲೆಯ ನಡುಗಂಬವಾಗಿತ್ತು. ಆಮೇಲೆ ಮಣ್ಣು, ಅದರ ಬೆನ್ನಿಗೆ ಕಂಚು ಬಂದವು. ಆ ಎರಡರಲ್ಲೂ ಅವರು ಬಲವಾದ ಕೃತಿಗಳನ್ನು ಮಾಡಿದರಾದರೂ ಶಿಲ್ಪದ ಚರಿತ್ರೆಯಲ್ಲಿ ಅವರ ಜಾಗವನ್ನು ಗಟ್ಟಿ ಮಾಡಿದ್ದು ನಾರು.

ಭಾರತದ ಮೂರ್ತಿಕಲೆಗೆ ನಾರು ಅಪರಿಚಿತವಾಗಿರಲಿಲ್ಲ, ಆದರೆ ಅದು ಕಣ್ಣಿಗೆ ಬೀಳುವಂತಿರಲಿಲ್ಲ. ಭಾಗವತದ ಹನ್ನೊಂದನೆಯ ಸ್ಕಂಧ ಎಂಟು ಬಗೆಯ ಪ್ರತಿಮೆಗಳನ್ನು ಹೆಸರಿಸುತ್ತದೆ: ಕಲ್ಲಿನದು, ಮರದ್ದು, ಲೋಹದ್ದು, ಲೇಪದ್ದು, ಬರೆದದ್ದು, ಮರಳಿನದು, ಮನಸ್ಸಿನದು, ರತ್ನದ್ದು. ಮರಳಿಗೂ ಮನಸ್ಸಿಗೂ ಜಾಗ ಕೊಟ್ಟ ಈ ಪಟ್ಟಿಯಲ್ಲಿ ನಾರಿಲ್ಲ. ಹಾಗೆಂದು ಶಿಲ್ಪಿಗಳು ಅದನ್ನು ಬಿಟ್ಟಿರಲಿಲ್ಲ. ದಕ್ಷಿಣದ ಕಡುಶರ್ಕರ ವಿಧಾನದ ಮೂರ್ತಿಗಳಲ್ಲಿ ಮರದ ಶೂಲವೆಂಬ ಅಸ್ಥಿಪಂಜರಕ್ಕೆ ತೆಂಗಿನ ನಾರಿನ ಹಗ್ಗವನ್ನು ನಾಡಿಗಳಂತೆ ಸುತ್ತಿ, ಅದರ ಮೇಲೆ ಮಣ್ಣು ಮತ್ತು ಅಂಟಿನ ಪಾಕವನ್ನು ಪದರ ಪದರವಾಗಿ ಮೆತ್ತುತ್ತಾರೆ. ತಿರುವನಂತಪುರದ ಅನಂತಪದ್ಮನಾಭನ ಮೂರ್ತಿ ಈ ವಿಧಾನದ್ದು. ಬಂಗಾಳದ ದುರ್ಗೆಯ ಮೂರ್ತಿಯಲ್ಲೂ ಬಿದಿರಿನ ಚೌಕಟ್ಟಿಗೆ ಹುಲ್ಲನ್ನು ಹುರಿಯಿಂದ ಬಿಗಿದು ಮೈ ಕಟ್ಟುತ್ತಾರೆ. ಗಂಗೆಯ ಮಣ್ಣು ಮೇಲೆ ಬಿದ್ದಮೇಲೆ ಹುಲ್ಲೂ ಹುರಿಯೂ ಮರೆಯಾಗುತ್ತವೆ. ಎರಡೂ ಕಡೆ ಹಗ್ಗ ದೇಹವನ್ನು ಹಿಡಿದಿಡುತ್ತದೆ, ಆದರೆ ಭಕ್ತನ ಕಣ್ಣಿಗೆ ಬೀಳುವುದಿಲ್ಲ. ಮೃಣಾಲಿನಿಯವರ ಮೂರ್ತಿಗಳಲ್ಲಿ ಆ ಹಗ್ಗವೇ ಚರ್ಮ, ಅದೇ ಮಾಂಸ. ಮೇಲೆ ಮೆತ್ತಲು ಏನೂ ಇಲ್ಲ.

ಅವರು ಹುಟ್ಟಿದ್ದು ಮುಂಬಯಿಯಲ್ಲಿ, ಇಬ್ಬರು ಕಲಾವಿದರ ಒಬ್ಬಳೇ ಮಗಳಾಗಿ. ತಂದೆ ಬಿನೋದ್ ಬಿಹಾರಿ ಮುಖರ್ಜಿ ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸರ ಶಿಷ್ಯರಾಗಿ ಬೆಳೆದು ಅಲ್ಲೇ ಬಹುಕಾಲ ಪಾಠ ಹೇಳಿದವರು. ಅಲ್ಲಿನ ಹಿಂದೀ ಭವನದ ಗೋಡೆಗಳ ಮೇಲೆ 1946–47ರಲ್ಲಿ ಮಧ್ಯಯುಗದ ಸಂತರ ದೊಡ್ಡ ಭಿತ್ತಿಚಿತ್ರ ಬರೆದವರು. ಹುಟ್ಟಿನಿಂದಲೇ ಅವರ ಒಂದು ಕಣ್ಣು ಕಾಣುತ್ತಿರಲಿಲ್ಲ. 1950ರ ದಶಕದ ನಡುವಿನಲ್ಲಿ ನಡೆದ ಶಸ್ತ್ರಚಿಕಿತ್ಸೆ ಕೈಗೂಡದೆ ಇನ್ನೊಂದು ಕಣ್ಣೂ ಹೋಯಿತು. ಆಗ ಮಗಳಿಗೆ ಏಳೆಂಟು ವರ್ಷ. ಬಿನೋದ್ ಬಿಹಾರಿ ಕೆಲಸ ನಿಲ್ಲಿಸಲಿಲ್ಲ. ಕಾಗದ ಕತ್ತರಿಸಿ ಅಂಟಿಸಿದರು, ಮೇಣವನ್ನು ಬೆರಳಲ್ಲಿ ಒತ್ತಿ ಪುಟ್ಟ ಆಕಾರಗಳನ್ನು ಮಾಡಿದರು, ಕಲಾಭವನದ ಗೋಡೆಯೊಂದಕ್ಕೆ ಹೆಂಚುಬಿಲ್ಲೆಗಳ ಭಿತ್ತಿಯನ್ನೂ ರಚಿಸಿದರು. ಸತ್ಯಜಿತ್ ರಾಯ್ 1972ರಲ್ಲಿ ಅವರ ಮೇಲೆ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರ ತೆಗೆದರು. ಮಗಳ ಕಲೆಯಲ್ಲಿ ಬೆರಳಿಗೆ ಸಿಕ್ಕಿರುವ ಅಧಿಕಾರಕ್ಕೆ ತಂದೆಯ ಕುರುಡೇ ಕಾರಣ ಎಂದುಬಿಡುವುದು ಅವಸರದ ಮಾತಾದೀತು. ಆದರೆ ರೂಪವನ್ನು ಸ್ಪರ್ಶದಿಂದಲೇ ಕಟ್ಟಬಹುದು ಎಂಬುದು ಆ ಮನೆಯಲ್ಲಿ ಸಿದ್ಧಾಂತವಾಗಿರಲಿಲ್ಲ, ದಿನನಿತ್ಯದ ಸಂಗತಿಯಾಗಿತ್ತು.

ತಾಯಿ ಲೀಲಾ ಮುಖರ್ಜಿಯವರ ಪಾಲು ಚರ್ಚೆಯಲ್ಲಿ ಹಿಂದೆ ಬೀಳುವುದುಂಟು, ಬೀಳಬಾರದು. ಬಿನೋದ್ ಬಿಹಾರಿ ಕಠ್ಮಂಡುವಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕ್ಯುರೇಟರ್ ಆಗಿದ್ದ ಸ್ವಲ್ಪ ಕಾಲದಲ್ಲಿ ಲೀಲಾ ಅಲ್ಲಿನ ಕುಲಸುಂದರ ಶಿಲಾಕರ್ಮಿ ಎಂಬ ಪಾರಂಪರಿಕ ಶಿಲ್ಪಿಯ ಬಳಿ ಮರದ ಕೆತ್ತನೆ ಕಲಿತರು. ಮುಂದೆ ಡೆಹ್ರಾಡೂನಿನ ವೆಲ್ಹಾಮ್ ಶಾಲೆಯಲ್ಲಿ ಕಲಾಶಿಕ್ಷಕಿಯಾಗಿದ್ದುಕೊಂಡು ಮರದಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಕೆತ್ತುತ್ತಲೇ ಬಂದರು. ಮಗಳು ಬೆಳೆದದ್ದು ಡೆಹ್ರಾಡೂನಿನ ಬೆಟ್ಟದ ತಪ್ಪಲಿನಲ್ಲಿ, ರಜೆ ಬಂದಾಗ ಶಾಂತಿನಿಕೇತನದಲ್ಲಿ. ಒಂದು ಕಡೆ ದಟ್ಟ ಮರಗಿಡ, ಇನ್ನೊಂದು ಕಡೆ ಕೆಂಪು ಮುರಕಲ್ಲಿನ ಬಯಲು.

ಶಾಂತಿನಿಕೇತನದಲ್ಲಿ ಸುತ್ತಲಿನ ನೆಲದಲ್ಲಿ ಸಿಗುವುದರಿಂದಲೇ ಕಲೆ ಮಾಡುವುದು ಒಂದು ನಿಲುವಾಗಿತ್ತು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ನಂದಲಾಲ್ ಬೋಸರು ಬರೆದ ಫಲಕಗಳು ಕೈಕಾಗದದ ಮೇಲೆ ಮಣ್ಣಿನ ಬಣ್ಣದವು. ವಿದ್ಯಾರ್ಥಿಗಳ ‘ಕಾಲೋ ಬಾಡಿ’ ಎಂಬ ಕಪ್ಪುಮನೆಯ ಉಬ್ಬುಶಿಲ್ಪಗಳು ಮಣ್ಣಿಗೆ ಡಾಂಬರು ಬಳಿದು ಮಾಡಿದವು. ರಾಮಕಿಂಕರ್ ಬೈಜ್ ಅದೇ 1938ರಲ್ಲಿ ಸಿಮೆಂಟಿಗೆ ಆ ನೆಲದ ಮುರಕಲ್ಲಿನ ಹರಳು ಬೆರೆಸಿ ‘ಸಂತಾಲ್ ಕುಟುಂಬ’ವನ್ನು ಬಯಲಲ್ಲಿ ನಿಲ್ಲಿಸಿದರು. ಗುಳೆ ಹೊರಟ ಗಂಡ ಹೆಂಡತಿ, ಬುಟ್ಟಿಯಲ್ಲಿ ಮಗು, ಜೊತೆಗೆ ನಾಯಿ. ಎಲ್ಲವೂ ತಾವು ತುಳಿಯುವ ನೆಲದ ಕಲ್ಲಿನಿಂದಲೇ ಆದವು. ಅಮೃತಶಿಲೆ ಮತ್ತು ಪ್ಲಾಸ್ಟರನ್ನು ಬ್ರಿಟಿಷ್ ಕಲಾಶಾಲೆಗಳು ಮೇಲಿಟ್ಟಿದ್ದ ಕಾಲದಲ್ಲಿ ಇದು ಚಿಕ್ಕ ಮಾತಲ್ಲ.

ಈ ನಿಲುವು ಮೃಣಾಲಿನಿಯವರಿಗೆ ನೇರವಾಗಿ ದಕ್ಕಿದ್ದು ಮಾತ್ರ ಬರೋಡದಲ್ಲಿ. ಅಲ್ಲಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1950ರಲ್ಲಿ ಶುರುವಾಗಿತ್ತು. 1965ರಿಂದ ಅಲ್ಲಿ ಚಿತ್ರಕಲೆ ಓದಿದ ಅವರು ಅನಂತರ 1972ರವರೆಗೆ ಕೆ.ಜಿ. ಸುಬ್ರಮಣ್ಯನ್ ಅವರ ಕೈಕೆಳಗೆ ಭಿತ್ತಿಕಲೆಯ ಸ್ನಾತಕೋತ್ತರ ಅಭ್ಯಾಸ ಮಾಡಿದರು. ಅಂದರೆ ಶಿಲ್ಪಶಾಸ್ತ್ರದ ತರಗತಿಯಲ್ಲಿ ಅವರು ಕೂತವರೇ ಅಲ್ಲ. ಶಿಲ್ಪಕ್ಕೆ ಬಂದದ್ದು ಪಕ್ಕದ ಬಾಗಿಲಿನಿಂದ. ಅದರಿಂದ ಆದ ಲಾಭ ದೊಡ್ಡದು. ಕಲ್ಲು ಕಂಚುಗಳ ಮೇಲುಕೀಳಿನ ಶ್ರೇಣಿಯನ್ನು ಅವರು ಮೊದಲು ಕಲಿತು ಆಮೇಲೆ ಮರೆಯಬೇಕಾಗಿ ಬರಲಿಲ್ಲ.

ಸುಬ್ರಮಣ್ಯನ್ ಸ್ವತಃ ಬಿನೋದ್ ಬಿಹಾರಿಯವರ ಶಿಷ್ಯ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆ ಕಂಡು, ಸರ್ಕಾರಿ ಕಾಲೇಜುಗಳ ಬಾಗಿಲು ಮುಚ್ಚಿದ ಮೇಲೆ 1944ರಲ್ಲಿ ಶಾಂತಿನಿಕೇತನ ಸೇರಿದವರು. 1959ರಿಂದ 1961ರವರೆಗೆ ಮುಂಬಯಿಯಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯಲ್ಲಿ ಕೆಲಸ ಮಾಡಿದ್ದರಿಂದ ನೇಕಾರರ ನೂಲು, ಬಣ್ಣ, ಕಸುಬುಗಳ ನಿಕಟ ಪರಿಚಯ ಅವರಿಗಿತ್ತು. ಕುಶಲಕಲೆ ಮತ್ತು ಲಲಿತಕಲೆ ಎಂಬ ಗೋಡೆಯನ್ನು ಅವರು ಬರಹದಲ್ಲೂ ಒಪ್ಪಲಿಲ್ಲ, ಪಾಠದಲ್ಲೂ ಒಪ್ಪಲಿಲ್ಲ. ಬರೋಡದ ಲಲಿತಕಲಾ ಜಾತ್ರೆಗಾಗಿ ಗುರುಗಳೂ ವಿದ್ಯಾರ್ಥಿಗಳೂ ಒಟ್ಟಿಗೆ ಕೂತು ಮರ, ಮಣಿ, ತೊಗಲು, ಬಟ್ಟೆಗಳಲ್ಲಿ ಗೊಂಬೆಗಳನ್ನು ಮಾಡಿ ಮಾರುತ್ತಿದ್ದರು. ಲಖನೌದ ರವೀಂದ್ರಾಲಯದ ಹೊರಗೋಡೆಗೆ 1963ರಲ್ಲಿ ಸುಬ್ರಮಣ್ಯನ್ ಮಾಡಿದ ಬೃಹತ್ ಭಿತ್ತಿ ಸುಟ್ಟ ಮಣ್ಣಿನದು. ಹಗ್ಗ ಹುರಿಗಳನ್ನೂ ಅವರು ಪ್ರಯೋಗಿಸಿ ನೋಡಿದ್ದರು. ಶಿಷ್ಯೆ ಆ ಎಳೆಯನ್ನು ಹಿಡಿದು ಗುರು ಹೋಗದಷ್ಟು ದೂರ ಹೋದರು.

1972ರಲ್ಲಿ ದೆಹಲಿಯ ಶ್ರೀಧರಾಣಿ ಗ್ಯಾಲರಿಯಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಆ ವರ್ಷದ ‘ಅಳಿಲು’ ಎಂಬ ಕೃತಿ ಗೋಡೆಗೆ ತೂಗುಹಾಕುವಂಥದ್ದು. ಪ್ರಾಣಿಯ ಆಕಾರ ಗುರುತು ಸಿಗುವಷ್ಟು ಸ್ಪಷ್ಟ, ಕೌತುಕ ಹುಟ್ಟಿಸುವಷ್ಟು ಹಗುರ. ದಶಕದ ಮೊದಲ ಅರ್ಧದ ಕೆಲಸಗಳಲ್ಲಿ ಭಿತ್ತಿಕಲೆಯ ನೆನಪು ಉಳಿದಿದೆ. ಅವು ಗೋಡೆಯನ್ನು ಬಿಟ್ಟು ಬರುವುದಿಲ್ಲ. ದಶಕ ಮುಗಿಯುವಷ್ಟರಲ್ಲಿ ಆಕಾರಗಳು ಚಾವಣಿಯಿಂದ ಇಳಿಬಿದ್ದು ಸುತ್ತಲೂ ಸುಳಿದಾಡಿ ನೋಡುವಂತಾದವು. ಆಮೇಲೆ ನೆಲದ ಮೇಲೆ ತಾವೇ ನಿಂತವು. ಈ ನಡುವೆ 1978ರಲ್ಲಿ ಬ್ರಿಟಿಷ್ ಕೌನ್ಸಿಲಿನ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಫಾರ್ನ್‌ಹಮ್‌ನಲ್ಲಿರುವ ವೆಸ್ಟ್ ಸರ್ರೆ ಕಲಾ ಕಾಲೇಜಿಗೂ ಹೋಗಿಬಂದರು.

ನಾರನ್ನು ಶಿಲ್ಪವಾಗಿ ಕಂಡವರು ಆ ಹೊತ್ತಿಗೆ ಬೇರೆಡೆಯೂ ಇದ್ದರು. ಪೋಲೆಂಡಿನ ಮಗ್ದಲೇನಾ ಅಬಕನೋವಿಚ್ 1960ರ ದಶಕದಲ್ಲಿ ಕತ್ತಾಳೆ ನಾರಿನಿಂದ ನೇಯ್ದ ದೈತ್ಯ ಆಕಾರಗಳನ್ನು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೂಗುಹಾಕಿದ್ದರು. ಅಮೆರಿಕದ ಶೀಲಾ ಹಿಕ್ಸ್ ಅದೇ ದಶಕದಲ್ಲಿ ಕೋಝಿಕ್ಕೋಡಿನ ಕಾಮನ್‌ವೆಲ್ತ್ ಟ್ರಸ್ಟಿನ ಕೈಮಗ್ಗದ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರು. ಈ ಟ್ರಸ್ಟು ಮೊದಲ ಮಹಾಯುದ್ಧದ ನಂತರ ವಹಿಸಿಕೊಂಡದ್ದು ಬಾಸೆಲ್ ಮಿಶನ್ನಿನ ಉದ್ಯಮಗಳನ್ನು. ಮಂಗಳೂರಿನವರಿಗೆ ಹೆಂಚು, ಮುದ್ರಣ, ನೇಯ್ಗೆಗಳಿಂದ ಚೆನ್ನಾಗಿ ಗೊತ್ತಿರುವ ಅದೇ ಮಿಶನ್. 1969ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಗೋಡೆತೂಗುಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಆದರೆ ಇವರಲ್ಲಿ ಹೆಚ್ಚಿನವರು ಮಗ್ಗದಿಂದ ಹೊರಟವರು, ಮತ್ತು ಅವರ ದಾರಿ ಬಹುಮಟ್ಟಿಗೆ ಅಮೂರ್ತದ ಕಡೆಗಿತ್ತು. ಮೃಣಾಲಿನಿ ಮಗ್ಗವನ್ನು ಮುಟ್ಟಲಿಲ್ಲ, ಹೊರಟದ್ದು ಮೂರ್ತಿಯ ಕಡೆಗೆ. ಪಾಶ್ಚಾತ್ಯ ನಾರುಕಲೆಯ ಭಾರತೀಯ ಶಾಖೆಯಂತೆ ಅವರನ್ನು ಓದುವ ಬರಹಗಳು ಆಗಾಗ ಬರುತ್ತಿರುತ್ತವೆ. ಶಾಂತಿನಿಕೇತನ–ಬರೋಡದ ವಂಶವೃಕ್ಷ ಕಣ್ಣಮುಂದೆ ಇರುವಾಗ ಅಂಥ ಓದಿಗೆ ಆಧಾರ ತೆಳು.

ಕೆಲಸದ ಕ್ರಮ ನಿಧಾನದ್ದು. ಪೇಟೆಯಿಂದ ತಂದ ಹಗ್ಗದ ಕಟ್ಟುಗಳನ್ನು ಬಿಚ್ಚಿ, ಗಾತ್ರ ನೋಡಿ ಬೇರ್ಪಡಿಸಿ, ಬಣ್ಣದ ನೀರಿನಲ್ಲಿ ಅದ್ದಿ ಒಣಗಿಸಬೇಕು. ಕಾಡಿನ ಹಸಿರು, ಅರಿಸಿನ, ಕಾವಿ, ನೇರಳೆ, ಕಪ್ಪು ಮೇಲಿಂದ ಮೇಲೆ ಬರುವ ಬಣ್ಣಗಳು. ಎಷ್ಟೋ ಸಲ ಬಣ್ಣವನ್ನೇ ಹಾಕದೆ ನಾರಿನ ಸಹಜ ಕಂದನ್ನು ಹಾಗೇ ಉಳಿಸಿದ್ದೂ ಉಂಟು. ಅನಂತರ ಗಂಟು. ಒಂದು ಎಳೆಯನ್ನು ಇನ್ನೊಂದರ ಮೇಲೆ ಸುತ್ತಿ ಬಿಗಿಯುವ ಕೆಲವೇ ಬಗೆಯ ಸರಳ ಗಂಟುಗಳು, ಸಾವಿರಾರು ಸಲ. ಒತ್ತಾಗಿ ಕಟ್ಟಿದರೆ ಮೈ ಹಲಗೆಯಂತೆ ಬಿಗಿಯುತ್ತದೆ. ಸಡಿಲ ಬಿಟ್ಟರೆ ಜೋಲುತ್ತದೆ. ಸಾಲಿಗೆ ಎಳೆ ಸೇರಿಸಿದರೆ ಉಬ್ಬು ಬರುತ್ತದೆ, ಎಳೆ ಕಳೆದರೆ ಕುಗ್ಗುತ್ತದೆ. ಕಾಲುಚೀಲ ಹೆಣೆಯುವವರಿಗೆ ಹಿಮ್ಮಡಿ ತಿರುಗಿಸುವುದು ಹೇಗೆಂದು ಗೊತ್ತಿರುವಂತೆ, ಚಪ್ಪಟೆ ಹೆಣಿಗೆಯನ್ನು ದುಂಡು ಮೈಯಾಗಿ ತಿರುಗಿಸುವ ಲೆಕ್ಕವೆಲ್ಲ ಈ ಕೂಡು–ಕಳೆಯಲ್ಲಿದೆ. ಅಳತೆಯ ನಕ್ಷೆಯನ್ನು ಮೊದಲೇ ಬರೆದಿಟ್ಟುಕೊಂಡು ಅದರಂತೆ ಕಟ್ಟುವ ಪದ್ಧತಿ ಅವರದಲ್ಲ. ಕಟ್ಟುತ್ತ ಹೋದಂತೆ ಆಕಾರ ತನ್ನ ದಾರಿಯನ್ನು ಕಾಣಿಸುತ್ತಿತ್ತು. ಒಂದು ದೊಡ್ಡ ಕೃತಿ ಮುಗಿಯಲು ತಿಂಗಳುಗಳೇ ಬೇಕಾಗುತ್ತಿದ್ದವು, ಕೆಲವಕ್ಕೆ ವರ್ಷದ ಹತ್ತಿರ.

ಮೂರ್ತಿ ಸ್ವತಃ ನಿಲ್ಲಬೇಕಾದಾಗ ಒಳಗೆ ಲೋಹದ ಚೌಕಟ್ಟು ಬಂತು. ಅದು ಭಾರವನ್ನು ಹೊರುತ್ತದೆಯೇ ಹೊರತು ರೂಪವನ್ನು ತೀರ್ಮಾನಿಸುವುದಿಲ್ಲ. ರೂಪವನ್ನು ತೀರ್ಮಾನಿಸುವುದು ನಾರಿನ ತೂಕ ಮತ್ತು ನೆಲದ ಸೆಳೆತ. ಕಲ್ಲಿನ ಶಿಲ್ಪಿ ಬಟ್ಟೆಯ ನೆರಿಗೆಯನ್ನು ಕೆತ್ತಿ ಭ್ರಮೆ ಹುಟ್ಟಿಸಬೇಕು. ಹಳೇಬೀಡಿನ ಗೋಡೆಯ ಮೇಲೆ ಅದೇ ಒಂದು ಪವಾಡ. ಹಗ್ಗದ ಮೂರ್ತಿಯಲ್ಲಿ ನೆರಿಗೆ ನಿಜವಾದ ನೆರಿಗೆ. ತನ್ನ ಭಾರಕ್ಕೆ ತಾನೇ ಬಿದ್ದದ್ದು, ಮಡಿಚಿಕೊಂಡದ್ದು. ತುಟಿಯಂಥ ಅಂಚು, ಹೊಟ್ಟೆಯಂಥ ಉಬ್ಬು, ಗವಿಯಂಥ ಒಳಸರಿತಗಳೆಲ್ಲ ಈ ಬೀಳಿನಿಂದ ಹುಟ್ಟುತ್ತವೆ. ಹೀಗಾಗಿ ಅವು ಪ್ರತಿಮೆಗಳಿಗಿಂತ ಹೆಚ್ಚಾಗಿ ಬೆಳೆದು ನಿಂತ ಜೀವಿಗಳಂತೆ ಕಾಣುತ್ತವೆ, ಮತ್ತು ನೋಡುವವರಲ್ಲಿ ಕೊಂಚ ಅಳುಕನ್ನೂ ಹುಟ್ಟಿಸುತ್ತವೆ.

1980ರ ದಶಕ ಅವರ ನಾರುಶಿಲ್ಪದ ಫಸಲಿನ ಕಾಲ. ‘ಕಪ್ಪು ದೇವಿ’ (1980), ‘ರುದ್ರ’ ಮತ್ತು ‘ದೇವಿ’ (1982), ‘ಯಕ್ಷಿ’ (1984), ‘ಪಕ್ಷಿ’ (1985) ಒಂದರ ಹಿಂದೆ ಒಂದು ಬಂದವು. ಹೆಸರುಗಳು ಪುರಾಣದವು, ಮೂರ್ತಿಗಳು ಯಾವ ಪುರಾಣಕ್ಕೂ ಸೇರಿದವಲ್ಲ. ರುದ್ರನ ಕೈಯಲ್ಲಿ ತ್ರಿಶೂಲವಿಲ್ಲ, ಹೇಳಬೇಕೆಂದರೆ ಕೈಯೇ ಇಲ್ಲ. ಮುಖ ಎಂದು ಬೆರಳಿಟ್ಟು ತೋರಿಸುವಂಥದ್ದು ಅಪರೂಪ. ಪ್ರತಿಮಾಲಕ್ಷಣದ ಆಯುಧ, ವಾಹನ, ಮುದ್ರೆಗಳನ್ನೆಲ್ಲ ಕಳಚಿಟ್ಟ ಮೇಲೂ ದೈವದ ಎದುರು ನಿಂತ ಅನುಭವ ಉಳಿಯುತ್ತದೆ. ಅದನ್ನು ಉಳಿಸುವುದು ಎತ್ತರ, ಎಡಬಲಗಳ ಸಮತೂಕ, ಮತ್ತು ಎದುರಿಗೇ ಮುಖಮಾಡಿ ನಿಂತ ಭಂಗಿ. ಗರ್ಭಗುಡಿಯ ಮೂರ್ತಿಯಿಂದ ಅವರು ತೆಗೆದುಕೊಂಡದ್ದು ಇಷ್ಟೇ, ಆದರೆ ಇದು ಸಾಕಾಗುತ್ತದೆ.

‘ಯಕ್ಷಿ’ಯನ್ನು ತುಸು ನಿಂತು ನೋಡಬೇಕು. ಯಕ್ಷಿ ಎಂದೊಡನೆ ಕನ್ನಡಿಗರಿಗೆ ಹೊಂಬುಜದ ಪದ್ಮಾವತಿಯೋ ನರಸಿಂಹರಾಜಪುರದ ಜ್ವಾಲಾಮಾಲಿನಿಯೋ ನೆನಪಾಗುವುದು ಸಹಜ. ಅವರು ತೀರ್ಥಂಕರರ ಶಾಸನದೇವತೆಯರು, ಪೂಜೆಯ ಕ್ರಮಕ್ಕೆ ಒಳಪಟ್ಟವರು. ಮೃಣಾಲಿನಿಯವರ ಯಕ್ಷಿ ಅದಕ್ಕೂ ಹಿಂದಿನ ಪದರದವಳು: ಭಾರ್ಹುತ, ಸಾಂಚಿಗಳಲ್ಲಿ ಮರದ ಕೊಂಬೆ ಹಿಡಿದು ನಿಂತ, ಮರಕ್ಕೂ ಹೆಣ್ಣಿಗೂ ನಡುವಿನ ಗೆರೆ ಅಳಿಸಿದ ಜೀವ. 1917ರಲ್ಲಿ ಪಟ್ನಾ ಬಳಿಯ ದೀದಾರ್‌ಗಂಜ್‌ನಲ್ಲಿ ಸಿಕ್ಕ ಚಾಮರಧಾರಿಣಿಯ ಹೊಳಪು ಕಲ್ಲು ಆ ಪರಂಪರೆಯ ಒಂದು ತುದಿ. ರಾಮಕಿಂಕರ್ ದೆಹಲಿಯ ರಿಸರ್ವ್ ಬ್ಯಾಂಕಿನ ಬಾಗಿಲಿಗೆ ಕೆತ್ತಿದ ಯಕ್ಷ ಯಕ್ಷಿಯರು ಇನ್ನೊಂದು ತುದಿ. ಈ ಎರಡೂ ಕಲ್ಲಿನವು. ಹಗ್ಗದ ಯಕ್ಷಿಯಲ್ಲಿ ಗಿಡದ ನಾರೇ ಮೈಯಾಗಿರುವುದರಿಂದ ಗಿಡವೂ ಹೆಣ್ಣೂ ಒಂದೇ ಎಂಬುದನ್ನು ಸಂಕೇತದಿಂದ ಹೇಳಬೇಕಾಗಿಲ್ಲ.

ಈ ಮೂರ್ತಿಗಳಲ್ಲಿ ಕಾಮದ ಸೂಚನೆ ನಿಚ್ಚಳ. ದಳಗಳ ಮಡಿಕೆ ಯೋನಿಯ ಮಡಿಕೆಯೂ ಹೌದು, ಕೇಸರದ ದಂಡು ಲಿಂಗವೂ ಹೌದು. ಒಂದೇ ಮೂರ್ತಿಯಲ್ಲಿ ಎರಡೂ ಇರುತ್ತವೆ. ಸ್ತ್ರೀವಾದಿ ಓದು ಇದರ ಸುತ್ತ ಸಹಜವಾಗಿಯೇ ಬೆಳೆಯಿತು, ಆದರೆ ಆ ಚೀಟಿಯನ್ನು ಹಚ್ಚಿಕೊಳ್ಳಲು ಅವರು ಅಷ್ಟು ಉತ್ಸಾಹ ತೋರಲಿಲ್ಲ. ಹೂವನ್ನು ಗಿಡದ ಜನನಾಂಗವಾಗಿ ನೋಡುವ ಸಸ್ಯಶಾಸ್ತ್ರದ ನೇರ ನೋಟವೂ ಅದನ್ನೇ ದೇವರ ತಲೆಗೇರಿಸುವ ರೂಢಿಯೂ ಇಲ್ಲಿ ಒಂದಕ್ಕೊಂದು ಅಡ್ಡಬರುವುದಿಲ್ಲ. 1990ರ ದಶಕದ ‘ಆದಿಪುಷ್ಪ’, ‘ವನಶ್ರೀ’ (1994), ಮರಗಳು ಕುಣಿತಕ್ಕೆ ನಿಂತಂತಿರುವ ‘ವೃಕ್ಷನಾಟ’ ಈ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದವು. ಬಂಗಾಳಿಯಲ್ಲಿ ದಾಸವಾಳದ ಹೆಸರು ಹೊತ್ತ ‘ಜೌಬಾ’ (2000) ಅವರ ಕೊನೆಯ ನಾರಿನ ಕೃತಿಗಳಲ್ಲಿ ಒಂದು. ಅದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

1980ರ ದಶಕದ ಆರಂಭದಲ್ಲೇ ಭಾರತೀಯ ಚಿತ್ರಕಲೆಯಲ್ಲೂ ಮನುಷ್ಯಾಕೃತಿ ಮರಳಿ ಬಂತು. 1981ರ ‘ಪ್ಲೇಸ್ ಫಾರ್ ಪೀಪಲ್’ ಪ್ರದರ್ಶನದಲ್ಲಿ ಭೂಪೇನ್ ಖಖ್ಖರ್, ಗುಲಾಮ್ ಮೊಹಮ್ಮದ್ ಶೇಖ್, ನಳಿನಿ ಮಲಾನಿ, ವಿವಾನ್ ಸುಂದರಂ, ಜೋಗೇನ್ ಚೌಧುರಿ, ಸುಧೀರ್ ಪಟವರ್ಧನ್ ಒಟ್ಟಾಗಿ ಕತೆ ಹೇಳುವ ಚಿತ್ರಕ್ಕೆ ಬಾಗಿಲು ತೆರೆದರು. ಇವರಲ್ಲಿ ಹಲವರು ಮೃಣಾಲಿನಿಯವರ ಬರೋಡದ ಗೆಳೆಯರೇ. ಆದರೆ ಅವರ ಮನುಷ್ಯರು ಬೀದಿ, ಅಂಗಡಿ, ರೈಲಿನವರು. ಮೃಣಾಲಿನಿಯವರ ಮೂರ್ತಿಗಳು ಕಾಡಿನವು. ಯಾವ ಗುಂಪಿನ ಘೋಷಣೆಯೂ ಅವರನ್ನು ಪೂರ್ತಿ ಒಳಗೊಳ್ಳಲಿಲ್ಲ. ಗಂಟು ಹಾಕುವುದು ಹೆಂಗಸರ ಬಿಡುವಿನ ಕೈಕೆಲಸ, ಅದು ಶಿಲ್ಪ ಹೇಗಾದೀತು ಎಂಬ ಅನುಮಾನವನ್ನೂ ಅವರು ಬಹುಕಾಲ ಎದುರಿಸಬೇಕಾಯಿತು. ಹೂವಿನ ಜೊತೆ ಸೇರಿ ನಾರೂ ದೇವರ ಮುಡಿಗೇರಿತು ಎಂದು ಗಾದೆ ಹೇಳುವಾಗ ನಾರಿಗೆ ಸ್ವಂತ ಯೋಗ್ಯತೆ ಇಲ್ಲವೆಂಬುದು ಗೃಹೀತ. ಕಲಾವಿಮರ್ಶೆಯ ಗೃಹೀತವೂ ಅದಕ್ಕಿಂತ ಬೇರೆಯಿರಲಿಲ್ಲ.

ಹೊರದೇಶಗಳಲ್ಲಿ ಗಮನ ಮೊದಲು ಬಂತು ಎನ್ನಬೇಕು. 1986ರ ಸಿಡ್ನಿ ಬಿನಾಲೆಯಲ್ಲಿ ಅವರ ಕೃತಿಗಳಿದ್ದವು. 1994ರಲ್ಲಿ ಆಕ್ಸ್‌ಫರ್ಡಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಏಕವ್ಯಕ್ತಿ ಪ್ರದರ್ಶನ ನಡೆಸಿತು.

1996ರಲ್ಲಿ ನೆದರ್ಲೆಂಡ್ಸಿನ ಯುರೋಪಿಯನ್ ಸೆರಾಮಿಕ್ ವರ್ಕ್ ಸೆಂಟರಿಗೆ ಹೋದದ್ದು ತಿರುವಾಯಿತು. ಅಲ್ಲಿನ ದೊಡ್ಡ ಭಟ್ಟಿಗಳು ದೊಡ್ಡ ಆಕಾರಗಳಿಗೆ ಅವಕಾಶ ಕೊಟ್ಟವು. ವಸ್ತು ಬದಲಾಗಲು ಇನ್ನೂ ಕಾರಣಗಳಿದ್ದವು. ಪ್ಲಾಸ್ಟಿಕ್ ಹಗ್ಗ ಪೇಟೆಯನ್ನು ತುಂಬುತ್ತಿದ್ದ ಕಾಲದಲ್ಲಿ ಬೇಕಾದ ಗುಣದ ನಾರು ಸಿಗುವುದು ಕಷ್ಟವಾಗುತ್ತ ಬಂತು. ದಿನವಿಡೀ ಒರಟು ಹಗ್ಗ ಬಿಗಿಯುವ ಕೆಲಸ ಐವತ್ತರ ಅಂಚಿನ ಕೈಗಳಿಗೆ ಹಗುರವೂ ಅಲ್ಲ. ಮಣ್ಣಿನಲ್ಲಿ ಅವರು ಹಾಳೆಗಳನ್ನು ಮಡಿಚಿ, ಸುತ್ತಿ, ಒಂದರೊಳಗೊಂದು ಇಳಿಸಿ ‘ಕಮಲದ ಕೊಳ’, ‘ರಾತ್ರಿ ಹೂ’ ಮುಂತಾದವನ್ನು ಮಾಡಿದರು. ರಾತ್ರಿಯ ಹೂಗಳಲ್ಲಿ ಕೂತ ಹೆಣ್ಣಿನ ಛಾಯೆ ಇದೆ. ಮಡಿಕೆಯ ವ್ಯಾಕರಣ ಹಗ್ಗದ್ದೇ. ಆದರೆ ಸುಟ್ಟ ಮೇಲೆ ಮಣ್ಣು ನೆಲಕ್ಕೆ ಜಗ್ಗುವುದಿಲ್ಲ, ಕೃತಿ ತನ್ನ ಭಾರದೊಂದಿಗೆ ನಡೆಸುವ ಹಗ್ಗಜಗ್ಗಾಟ ನಿಂತುಹೋಗುತ್ತದೆ. ಇದು ಅವರ ಪಿಂಗಾಣಿ ಕೃತಿಗಳ ಮಿತಿ.

2003ರ ಸುಮಾರಿಗೆ ಕಂಚು ಬಂತು. ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಹೊರತೆಗೆದು, ಆ ಖಾಲಿಗೆ ಲೋಹ ಹೊಯ್ಯುವ ವಿಧಾನ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಇದನ್ನು ಹಂತ ಹಂತವಾಗಿ ವಿವರಿಸಿದ್ದಾನೆ. ಬಸ್ತರಿನ ಎರಕದವರಿಂದ ಕಲಿತು ಕಂಚಿನಲ್ಲಿ ದುಡಿಯುವ ಜನರನ್ನು ಮೂಡಿಸಿದ ಮೀರಾ ಮುಖರ್ಜಿಯವರು ಮೃಣಾಲಿನಿಗಿಂತ ಮೊದಲೇ ಈ ದಾರಿ ಹಿಡಿದಿದ್ದರು; ಅಡ್ಡಹೆಸರು ಒಂದೇ ಆದರೂ ಇಬ್ಬರೂ ಬೇರೆ ಮನೆತನದವರು. ಮೃಣಾಲಿನಿಯವರ ಕಂಚು ಮನುಷ್ಯರಿಂದ ಬಹುಪಾಲು ದೂರ ಸರಿಯಿತು. ತಾಳೆಯ ಗರಿ, ಮುರಿದ ದಿಂಡು, ಒಣಗಿ ಸುರುಳಿಯಾದ ಎಲೆ, ಕೊಳೆತು ತೂತಾದ ಕಾಂಡ. ‘ಪಾಮ್‌ಸ್ಕೇಪ್’ ಸರಣಿಯ ಕೃತಿಗಳು ನೆಲದ ಮೇಲೆ ಬಿದ್ದುಕೊಂಡಂತಿರುತ್ತವೆ. ದೂರದಿಂದ ಗಿಡ, ಹತ್ತಿರಕ್ಕೆ ಬಂದರೆ ಯಾವುದೋ ಪ್ರಾಣಿಯ ಅಸ್ಥಿ. ಹಗ್ಗದಲ್ಲಿ ಗಿಡದ ಜೀವ ದೇವತೆಯಾಗಿ ಎದ್ದಿತ್ತು, ಕಂಚಿನಲ್ಲಿ ಅದು ಸಾಯುವುದನ್ನು ಅವರು ನೋಡಿದರು.

2015ರ ಜನವರಿಯ ಕೊನೆಗೆ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪೀಟರ್ ನೇಗಿ ಸಂಯೋಜಿಸಿದ ಅವರ ಸಮಗ್ರ ಪ್ರದರ್ಶನ ತೆರೆಯಿತು. ನಾಲ್ಕು ದಶಕಗಳ ಕೆಲಸ ಒಂದೇ ಕಡೆ ಸ್ವದೇಶದಲ್ಲಿ ಕಾಣಲು ಅಷ್ಟು ಕಾಲ ಬೇಕಾಯಿತು. ಅಸ್ವಸ್ಥರಾಗಿದ್ದ ಅವರು ಪ್ರದರ್ಶನ ನಡೆಯುತ್ತಿದ್ದಾಗಲೇ ಫೆಬ್ರುವರಿಯಲ್ಲಿ ತೀರಿಕೊಂಡರು. 2019ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯ ತನ್ನ ಮೆಟ್ ಬ್ರಾಯರ್ ಕಟ್ಟಡದಲ್ಲಿ, ಶಾನಯ್ ಝಾವೇರಿಯವರ ಸಂಯೋಜನೆಯಲ್ಲಿ, ಅವರ ಕೃತಿಗಳನ್ನು ವಿಸ್ತಾರವಾಗಿ ತೋರಿಸಿತು. 2022ರ ವೆನಿಸ್ ಬಿನಾಲೆಯ ಮುಖ್ಯ ಪ್ರದರ್ಶನದಲ್ಲಿ ‘ರುದ್ರ’, ‘ದೇವಿ’, ‘ವನಶ್ರೀ’ ಒಟ್ಟಿಗೆ ನಿಂತವು.

ನಾರಿನ ಕೃತಿಗಳನ್ನು ಕಾಪಾಡುವುದು ಸಂಗ್ರಹಾಲಯಗಳಿಗೆ ಕಲ್ಲು ಕಂಚುಗಳಂತೆ ಸುಲಭವಲ್ಲ. ಸೆಣಬು ಗಾಳಿಯ ತೇವವನ್ನು ಹೀರುತ್ತದೆ, ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ಗಂಟಿನ ಸಂದಿಗಳಲ್ಲಿ ದೂಳು ಕೂರುತ್ತದೆ, ಹುಳು ಮುಟ್ಟುತ್ತದೆ. ತೂಗುಹಾಕಿದ ಕೃತಿ ವರ್ಷಗಳು ಕಳೆದಂತೆ ತನ್ನ ತೂಕಕ್ಕೆ ಕೊಂಚ ಕೊಂಚ ಇಳಿಯುತ್ತದೆ. ಆದ್ದರಿಂದ ಪ್ರದರ್ಶನದ ಬೆಳಕು, ತೇವ, ತೂಗುವ ಬಗೆ ಎಲ್ಲಕ್ಕೂ ಲೆಕ್ಕ ಬೇಕು.

ಕರ್ನಾಟಕಕ್ಕೆ ಈ ಪರಂಪರೆಯ ಕೊಂಡಿ ಎರಡು ಕಡೆಯಿಂದ ಬಂದಿದೆ. ಬೆಂಗಳೂರಿನ ಎನ್. ಪುಷ್ಪಮಾಲಾ ಬರೋಡದಲ್ಲೇ ಶಿಲ್ಪ ಕಲಿತು, ಛಾಯಾಚಿತ್ರ–ಅಭಿನಯಗಳ ಕಡೆ ಹೊರಳುವ ಮೊದಲು 1980ರ ದಶಕದಲ್ಲಿ ಸುಟ್ಟ ಮಣ್ಣಿನ ಹೆಣ್ಣುಮೂರ್ತಿಗಳನ್ನು ಮಾಡಿದರು. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಓದಿ ಶಾಂತಿನಿಕೇತನಕ್ಕೆ ಹೋದ ಶೀಲಾ ಗೌಡ ಅವರ ಮೇಲೂ ಸುಬ್ರಮಣ್ಯನ್ ಪ್ರಭಾವವಿದೆ. ಮನುಷ್ಯಾಕೃತಿಗಳ ಚಿತ್ರದಿಂದ ಆರಂಭಿಸಿದ ಅವರು 1990ರ ದಶಕದಲ್ಲಿ ಸಗಣಿ, ಕುಂಕುಮ, ದಾರ, ಮುಂದೆ ಮನುಷ್ಯರ ಕೂದಲಿನ ಕಡೆ ತಿರುಗಿದರು. 1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯಲ್ಲಿ ಸೂಜಿಗಳಿಗೆ ಪೋಣಿಸಿದ ದಾರಗಳನ್ನು ಕುಂಕುಮ ಮತ್ತು ಅಂಟಿನಿಂದ ಸೇರಿಸಿ ಮಾಡಿದ ಕೆಂಪು ಹಗ್ಗ ಕೋಣೆಯ ತುಂಬ ಗೋಡೆ, ನೆಲಗಳ ಮೇಲೆ ಹರಿದಾಡುತ್ತದೆ, ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಇಲ್ಲಿ ಮೂರ್ತಿಯೇ ಇಲ್ಲ; ಮೈಯ ಸುಳಿವು ನೋವಿನಲ್ಲಿ ಮಾತ್ರ. ಮೃಣಾಲಿನಿ ಹಗ್ಗದಿಂದ ಮೈ ಕಟ್ಟಿದರೆ ಶೀಲಾ ಗೌಡ ಮೈಯನ್ನು ತೆಗೆದು ಹಗ್ಗವನ್ನು ಉಳಿಸಿಕೊಂಡರು.